ದಾಸ್ತಾನಿನಲ್ಲಿದ್ದ ಒಂದು ಅಮೀಬಾ

ಕಳೆದ ಆಷಾಢದ ಒಂದು ಗುರುವಾರ, ಮೂರನೇ ಪೀರಿಯಡ್ಡಿನ ಹೊತ್ತಿಗೆ, ನಮ್ಮ ಶಾಲೆಯಲ್ಲಿ ಒಂದು ಅಮೀಬಾ ಕಾಣೆಯಾಗಿರುವುದು ಬೆಳಕಿಗೆ ಬಂತು. ಅದನ್ನು ಕೊನೆಯ ಬಾರಿಗೆ ಯಾರು ನೋಡಿದ್ದರು ಎಂದು ವಿಚಾರಿಸಿದಾಗ, ಮೊದಲ ಬಾರಿಗೂ ಯಾರೂ ನೋಡಿರಲಿಲ್ಲ ಎಂದು ತಿಳಿಯಿತು. ಪೊಲೀಸರಿಗೆ ದೂರು ಕೊಡಲಿಲ್ಲ. ಚಹರೆ ಕೇಳಿದರೆ ಹೇಳುವುದು ಕಷ್ಟವಿತ್ತು. ಅಮೀಬಾಕ್ಕೆ ನಿರ್ದಿಷ್ಟ ಆಕಾರವಿಲ್ಲ ಎಂದು ಪಠ್ಯಪುಸ್ತಕದಲ್ಲೇ ಬರೆದಿದೆ.

ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನಿಗೆ ಇಂಥವು ಹೊಸದಲ್ಲ. ಒಮ್ಮೆ ಭೂಪಟದ ಜೊತೆ ಗೋಡೆಯೇ ಬಿದ್ದಿದೆ. ಒಮ್ಮೆ ಗಂಟೆ ಬಾರಿಸುವ ಕಬ್ಬಿಣದ ತುಂಡು ಕಳೆದುಹೋಗಿ ಎರಡು ದಿನ ಒಂದೇ ಪೀರಿಯಡ್ ನಡೆದಿದೆ. ಇವು ಆಗುತ್ತಲೇ ಇರುತ್ತವೆ, ನಾವು ಹಾಜರಿ ಹಾಕಿ ಮುಂದೆ ಹೋಗುತ್ತೇವೆ. ಆದರೆ ಈ ಅಮೀಬಾ ಸಿಗದಿದ್ದರೆ ನಮ್ಮ ವಿಜ್ಞಾನದ ಮೇಡಂ ಅವರ ವರ್ಗಾವಣೆ ತಪ್ಪುತ್ತಿತ್ತು. ಆರು ವರ್ಷ ಕಾದು ಸಿಕ್ಕಿದ ವರ್ಗಾವಣೆ ಅದು. ಇದರಲ್ಲಿ ನನ್ನ ಪಾಲೂ ಇದೆ. ನಾನು ಆ ವಾರ ಒಂದು ಪದ ಕಲಿಸಿದ್ದೆ.

ಶಾಲೆ ಯಾವುದು ಎಂಬುದು ಬೇಡ. ಹೊಸದುರ್ಗದಿಂದ ಬಾಗೂರಿನ ಕಡೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ.

ಪದ

ಸೋಮವಾರ ಒಂಬತ್ತನೇ ತರಗತಿಯ ಪಾಠದಲ್ಲಿ ‘ಮೈಕ್ರೋಸ್ಕೋಪಿಕ್’ ಎಂಬ ಪದ ಬಂತು. ‘ಅತಿ ಸಣ್ಣ; ಬರಿಗಣ್ಣಿಗೆ ಕಾಣದ; ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ’ ಎಂದು ಬೋರ್ಡಿನ ಮೇಲೆ ಬರೆದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಪೀರಿಯಡ್ ಮುಗಿಯಲು ಇನ್ನೂ ಹದಿನೈದು ನಿಮಿಷವಿತ್ತು.

ಹಾಗಾಗಿ, ಇಂಗ್ಲಿಷಿನವರು ಈ ಪದವನ್ನು ಕಾಣದ ವಸ್ತುಗಳಿಗಿಂತ ಚೆನ್ನಾಗಿ ಕಾಣುವ ವಸ್ತುಗಳಿಗೇ ಹೆಚ್ಚು ಬಳಸುತ್ತಾರೆ ಎಂದೂ ವಿವರಿಸಿದೆ. ಹೋಟೆಲಿನಲ್ಲಿ ಕೊಟ್ಟ ಕೇಕಿನ ತುಂಡು ಸಣ್ಣದಾದರೆ ಮೈಕ್ರೋಸ್ಕೋಪಿಕ್. ಔಷಧಿ ಡಬ್ಬದ ಮೇಲಿನ ಅಕ್ಷರ ಸಣ್ಣದಾದರೆ ಮೈಕ್ರೋಸ್ಕೋಪಿಕ್. ಬಾಡಿಗೆ ಕೋಣೆ ಇಕ್ಕಟ್ಟಾದರೆ ಮೈಕ್ರೋಸ್ಕೋಪಿಕ್. ಒಂದು ಕೆಲಸ ಆಗುವ ಸಂಭವ ಕಡಿಮೆಯಿದ್ದರೆ ಅದೂ ಮೈಕ್ರೋಸ್ಕೋಪಿಕ್. ಸಿಟ್ಟು ಬಂದಾಗ ಅವರು ವಸ್ತುವನ್ನು ಸಣ್ಣದು ಮಾಡುತ್ತಾರೆ, ನಾವು ಧ್ವನಿಯನ್ನು ದೊಡ್ಡದು ಮಾಡುತ್ತೇವೆ. ಎರಡೂ ಕಡೆ ಕೇಕು ಅಷ್ಟೇ ಇರುತ್ತದೆ.

ಸಣ್ಣದಕ್ಕೆ ನಮ್ಮಲ್ಲಿ ಪದಗಳ ಕೊರತೆಯಿಲ್ಲ. ಸ್ವಲ್ಪ, ಒಂಚೂರು, ಚೂರೇ ಚೂರು, ಚಿಟಿಕೆ, ಎಳ್ಳಷ್ಟು ಎಂದು ಸಾಲಾಗಿ ಇವೆ. ತೊಂದರೆಯೆಂದರೆ ಇವನ್ನು ಯಾರೂ ನಂಬುವುದಿಲ್ಲ. ‘ಸ್ವಲ್ಪ ಹಾಕ್ರಿ’ ಎಂದವನ ತಟ್ಟೆ ತುಂಬುತ್ತದೆ. ‘ಸ್ವಲ್ಪ ತಡೀರಿ’ ಎಂದ ಕಚೇರಿಯಲ್ಲಿ ಸಂಜೆಯಾಗುತ್ತದೆ. ಹೀಗಾಗಿ ಊರು ಒಂದು ಹೊಸ ಪದಕ್ಕೆ ಕಾದು ಕೂತಿತ್ತು ಎಂಬುದು ನನಗೆ ತಿಳಿದಿರಲಿಲ್ಲ.

ಮುಂದಿನ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ನಾವು ಓಡಾಡುವ ಬಸ್ಸಿನ ಕಂಡಕ್ಟರ್.

“ಸಾ, ಕಣ್ಣಿಗೆ ಕಾಣಲ್ಲ ಅಂದ್ರೆ ಅದು ಐತೆ ಅಂತ ಹೆಂಗೆ ಗೊತ್ತಾಗ್ತತೆ?”

“ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತೆ.”

“ನಮ್ ಸ್ಕೂಲಲ್ಲಿ ಐತಾ ಸಾ?”

“ಇದೆ.”

“ಎಲ್ಲೈತೆ ಸಾ?”

ಅದು ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿದೆ. ಬೀರುವಿಗೆ ಬೀಗವಿದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ತೆಗೆದು, ಕುಂಕುಮ ಹಚ್ಚಿ, ಹೂ ಮುಡಿಸಿ, ಮಂಗಳಾರತಿ ಮಾಡಿ ಮತ್ತೆ ಒಳಗಿಡುತ್ತಾರೆ. ಹೊರಗಿಟ್ಟರೆ ಒಡೆಯುತ್ತದೆ, ಒಡೆದರೆ ಉತ್ತರ ಬರೆಯಬೇಕು. ನಾನು ಈ ಶಾಲೆಗೆ ಬಂದಾಗಿನಿಂದ ಅದರೊಳಗೆ ಯಾರೂ ಇಣುಕಿದ್ದನ್ನು ಕಂಡಿಲ್ಲ.

ಪದದ ಅರ್ಥ ಮಕ್ಕಳಿಗೆ ಅಂದು ಚೆನ್ನಾಗಿ ಮನದಟ್ಟಾಯಿತು. ನಮ್ಮ ಶಾಲೆಯಲ್ಲಿ ಮೈಕ್ರೋಸ್ಕೋಪು ಕೂಡ ಬರಿಗಣ್ಣಿಗೆ ಕಾಣುವುದಿಲ್ಲ.

ಪಾಯಸದ ರುಚಿ

ಮಂಗಳವಾರ ಊರಿನವರೊಬ್ಬರು ಮೊಮ್ಮಗನ ಹುಟ್ಟಿದ ಹಬ್ಬಕ್ಕೆಂದು ಬಿಸಿಯೂಟದ ಜೊತೆಗೆ ಶಾವಿಗೆ ಪಾಯಸ ಮಾಡಿಸಿದ್ದರು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ, ಅದಕ್ಕೆಂದೇ ಇಟ್ಟಿರುವ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅಂದು ಹೆಡ್‌ಮಾಸ್ಟರ ಸರದಿ.

ಹೆಡ್‌ಮಾಸ್ಟರಿಗೆ ಸಕ್ಕರೆ ಕಾಯಿಲೆ. ಅಡುಗೆಯಮ್ಮನಿಗೆ ಅದು ಗೊತ್ತು. ಗೊತ್ತಿದ್ದೂ ಆಕೆ ಪ್ರತಿಸಲ ಸೌಟು ತುಂಬ ಹಾಕುತ್ತಾರೆ. ಹೆಡ್‌ಮಾಸ್ಟರ ತಟ್ಟೆಗೆ ಕಡಿಮೆ ಹಾಕಿದರೆ ನೋಡಿದವರು ಏನೆಂದಾರು ಎಂಬುದು ಆಕೆಯ ಭಯ. ‘ಸ್ವಲ್ಪ’ ಎಂದರೆ ಒಂದು ಸೌಟು. ‘ಒಂಚೂರು’ ಎಂದರೆ ಒಂದು ಸೌಟು. ‘ಬೇಡ’ ಎಂದರೆ ನಾಚಿಕೊಳ್ಳುತ್ತಿದ್ದಾರೆಂದು ಎರಡು ಸೌಟು.

ಸ್ಟಾಫ್ ರೂಮಿನಲ್ಲಿ ಹಿಂದಿನ ದಿನ ನನ್ನ ಪದವನ್ನು ಕೇಳಿಸಿಕೊಂಡಿದ್ದ ಹೆಡ್‌ಮಾಸ್ಟರು ಅಂದು ತಟ್ಟೆ ಚಾಚಿ, “ನೋಡಮ್ಮ, ನನಗೆ ಮೈಕ್ರೋಸ್ಕೋಪಿಕ್ ಆಗಿ ಹಾಕು” ಎಂದರು.

“ಹಂಗಂದ್ರೆ ಎಷ್ಟು ಸಾ?”

“ಕಣ್ಣಿಗೆ ಕಾಣದಷ್ಟು.”

ಅಡುಗೆಯಮ್ಮ ಸೌಟನ್ನು ಪಾತ್ರೆಯಲ್ಲಿ ಅದ್ದಿ, ಅಲ್ಲೇ ಜಾಡಿಸಿ, ತಟ್ಟೆಯ ಮೇಲೆ ಗೌರವದಿಂದ ಬಗ್ಗಿಸಿ, ಹಿಂದೆ ಸರಿದು ನಿಂತರು.

ಹೆಡ್‌ಮಾಸ್ಟರು ತಟ್ಟೆ ನೋಡಿದರು. “ಎಲ್ಲಮ್ಮ?”

“ಹಾಕೀನಲ್ಲ ಸಾ.”

“ಕಾಣ್ತಾ ಇಲ್ಲವಲ್ಲ?”

“ನೀವೇ ಅಂದ್ರಲ್ಲ ಸಾ, ಕಾಣಬಾರ್ದು ಅಂತ.”

ಇನ್ನೂರು ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ಕಾಯುತ್ತಿದ್ದರು. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬದಲಾಯಿಸುವುದು ಹೆಡ್‌ಮಾಸ್ಟರಿಗೆ ಸರಿಕಾಣಲಿಲ್ಲ. ಅವರು ಖಾಲಿ ತಟ್ಟೆಯಲ್ಲಿ ಬೆರಳಾಡಿಸಿ, ನಾಲಿಗೆಗೆ ಮುಟ್ಟಿಸಿ, ಪುಸ್ತಕ ತರಿಸಿ, ‘ಪಾಯಸ ರುಚಿಯಾಗಿದೆ. ಸಿಹಿ ಹದವಾಗಿದೆ’ ಎಂದು ಬರೆದು ಸಹಿ ಹಾಕಿದರು.

ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಇದನ್ನು ಗಮನವಿಟ್ಟು ನೋಡಿದರು.

ಮೂರು ಜನರ ಸೀಟು

ಬುಧವಾರ ಸಂಜೆ ಹೊಸದುರ್ಗದ ಬಸ್ಸಿನಲ್ಲಿ ನಾನೂ ವಿಜ್ಞಾನದ ಮೇಡಂ ಅವರೂ ನಿಂತಿದ್ದೆವು. ನಾನು ಹೊಸದುರ್ಗದಲ್ಲಿ ಇಳಿದು ಮನೆಗೆ ಹೋಗುತ್ತೇನೆ. ಅವರು ಅಲ್ಲಿಂದ ಹಿರಿಯೂರಿಗೆ ಇನ್ನೊಂದು ಬಸ್ಸು ಹಿಡಿಯಬೇಕು. ಅವರ ಗಂಡನ ಕೆಲಸ ಹಿರಿಯೂರಿನಲ್ಲಿ, ಮನೆ ಅಲ್ಲಿ, ನಾಲ್ಕು ವರ್ಷದ ಮಗಳು ಅಲ್ಲಿ. ಮೇಡಂ ಬೆಳಿಗ್ಗೆ ಹೊರಟಾಗ ಮಗು ಎದ್ದಿರುವುದಿಲ್ಲ, ರಾತ್ರಿ ಮನೆ ಮುಟ್ಟಿದಾಗ ಮಲಗಿರುತ್ತದೆ. ವಾರದ ಆರು ದಿನ ಕಾಣದ್ದರಿಂದ ಅದು ಅಮ್ಮನನ್ನು ಭಾನುವಾರ ಬರುವ ನೆಂಟರ ಪೈಕಿ ಎಂದು ತಿಳಿದುಕೊಂಡಿದೆ ಎಂದು ಅವರೇ ಹೇಳುತ್ತಾರೆ. ನಗುತ್ತಲೇ ಹೇಳುತ್ತಾರೆ.

ದಾರಿಯಲ್ಲಿ ಒಬ್ಬ ಅಜ್ಜಿ ಈರುಳ್ಳಿ ಚೀಲದೊಂದಿಗೆ ಹತ್ತಿದರು. ಮೂರು ಜನರ ಸೀಟಿನಲ್ಲಿ ಆಗಲೇ ನಾಲ್ಕು ಜನರಿದ್ದರು.

“ಒಂಚೂರು ಸರ್ಕಳ್ರಪ್ಪ” ಎಂದರು ಅಜ್ಜಿ.

ಯಾರೂ ಅಲುಗಾಡಲಿಲ್ಲ. ಈ ಕಡೆಯ ಬಸ್ಸುಗಳಲ್ಲಿ ಒಂಚೂರು ಸರಿದವರು ಏನಾಗಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿದೆ. ಆಗ ಕಂಡಕ್ಟರು ಮುಂದೆ ಬಂದರು. ಮಗಳು ಮನೆಯಲ್ಲಿ ಪಾಠ ಒಪ್ಪಿಸಿದ್ದಳೆಂದು ಕಾಣುತ್ತದೆ.

“ಏ, ಅಜ್ಜಿ ಏನು ಜಾಸ್ತಿ ಕೇಳ್ತಾ ಇಲ್ಲ ಕಣ್ರಿ. ಮೈಕ್ರೋಸ್ಕೋಪಿಕ್ ಜಾಗ ಕೊಡ್ರಿ, ಸಾಕು.”

ಕಿಟಕಿಯ ಬಳಿ ಕೂತವರು ಪೇಪರು ಮಡಿಚಿದರು. “ಹಂಗಂದ್ರೆ?”

“ಕಣ್ಣಿಗೆ ಕಾಣಲ್ಲ, ಅಷ್ಟು. ಬೇಕಾದ್ರೆ ಆ ಮೇಷ್ಟ್ರನ್ನ ಕೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಬೇಕಾಯಿತು. ಕಾಣದಷ್ಟು ಜಾಗವನ್ನು ಇಲ್ಲವೆನ್ನುವುದು ಮರ್ಯಾದೆಯಲ್ಲವೆಂದು ನಾಲ್ವರೂ ಸರಿದರು. ಅಜ್ಜಿ ಕೂತರು. ಚೀಲವನ್ನು ಪಕ್ಕದಲ್ಲಿ ಕೂರಿಸಿದರು. ಆಮೇಲೆ ಹಿಂದಕ್ಕೆ ತಿರುಗಿ, “ಬಾರೇ ತಂಗಿ, ಇಲ್ಲಿ ಜಾಗ ಐತೆ” ಎಂದು ಕೂಗಿ ಕರೆದರು.

ಈ ಗಲಾಟೆಯ ನಡುವೆ ಮೇಡಂ ಫೋನು ತೆಗೆದು ನನಗೆ ತೋರಿಸಿದರು. ವರ್ಗಾವಣೆ ಆದೇಶ. ಯಲ್ಲದಕೆರೆಯ ಕಡೆಯ ಒಂದು ಶಾಲೆ. ಹಿರಿಯೂರಿನ ಮನೆಯಿಂದ ಒಂದೇ ಬಸ್ಸು.

“ನಿನ್ನೆ ತಾನೇ ನೀವು ಏನಂದ್ರಿ ಸಾರ್? ನಿಮ್ಮ ಚಾನ್ಸ್ ಮೈಕ್ರೋಸ್ಕೋಪಿಕ್ ಮೇಡಂ, ಅಂದ್ರಿ.”

“ಅಂದಿದ್ದೆ. ಯಾವಾಗ ರಿಲೀವ್ ಆಗ್ಬೇಕು?”

“ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಚಾರ್ಜ್ ಒಪ್ಪಿಸಿ ಬಿಡುಗಡೆ ತಗೋಬೇಕು. ಇಲ್ದಿದ್ರೆ ಆ ಜಾಗ ಪಟ್ಟೀಲಿ ನನ್ನ ಹಿಂದಿರೋರಿಗೆ ಹೋಗುತ್ತೆ.”

ಅಜ್ಜಿ ತಲೆಯೆತ್ತಿ ಕೇಳಿದರು. “ಎಲ್ಲಿಗೆ ಹಾಕ್ಯಾರಮ್ಮ?”

“ಯಲ್ಲದಕೆರೆ ಕಡೆಗೆ ಅಜ್ಜಿ.”

“ಆ ಬಸ್ಸಲ್ಲಿ ಸೀಟು ಸಿಗ್ತಾವಾ?”

“ಸಿಗ್ತಾವಂತೆ. ಇಲ್ಲಿ ಆರು ವರ್ಷ ನಿಂತ್ಕಂಡೇ ಓಡಾಡ್ದೆ.”

“ಹಂಗಾರೆ ಇನ್ನೇನು, ಮೂರು ದಿನ ತಾನೇ. ನಿಂತ್ಕಳಮ್ಮ” ಎಂದು ಹೇಳಿ ಅಜ್ಜಿ ಚೀಲಕ್ಕೆ ಒರಗಿ ನಿದ್ದೆಹೋದರು.

ನಲವತ್ತೇಳನೇ ಸಾಲು

ವಿಜ್ಞಾನದ ಸಾಮಾನುಗಳ ಚಾರ್ಜ್ ಗಣಿತದ ಮೇಷ್ಟ್ರಿಗೆ ಹೋಗಬೇಕಿತ್ತು. ಚಾರ್ಜ್ ಎಂದರೆ ದಾಸ್ತಾನು ಪುಸ್ತಕದಲ್ಲಿ ಬರೆದಿರುವ ಪ್ರತಿಯೊಂದನ್ನೂ ಕೊಡುವವರು ತೋರಿಸಬೇಕು, ತೆಗೆದುಕೊಳ್ಳುವವರು ನೋಡಿ ಸಹಿ ಹಾಕಬೇಕು. ಸಾಮಾನ್ಯವಾಗಿ ಇದು ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಯಾರೂ ನೋಡುವುದಿಲ್ಲ, ಎಲ್ಲರೂ ಸಹಿ ಹಾಕುತ್ತಾರೆ.

ಗಣಿತದ ಮೇಷ್ಟ್ರು ಹಾಗೆ ಸಹಿ ಹಾಕಿ ಕೆಟ್ಟವರು. ಹಿಂದೆ ಹೊಳಲ್ಕೆರೆಯ ಕಡೆ ಇದ್ದಾಗ ಆಟದ ಸಾಮಾನಿನ ಚಾರ್ಜ್ ತೆಗೆದುಕೊಂಡರು. ‘ಕಬ್ಬಿಣದ ಗುಂಡು – ಒಂದು’ ಎಂಬ ಸಾಲಿಗೆ ನೋಡದೆ ಸಹಿ ಹಾಕಿದರು. ಗುಂಡು ಇರಲಿಲ್ಲ. ಅಷ್ಟು ಭಾರದ ಗುಂಡು ಎಲ್ಲಿಗೆ ಹೋಯಿತು ಎಂಬುದಕ್ಕೆ ನಾಲ್ಕು ವರ್ಷ ಉತ್ತರ ಬರೆದರು. ಎಸೆದಿದ್ದು ವಾಪಸ್ ಬಂದಿಲ್ಲ ಎಂದು ಒಮ್ಮೆ ಬರೆದಿದ್ದರಂತೆ. ಹಾಗಾದರೆ ಅದು ದಾಖಲೆಯ ಎಸೆತ, ಎಸೆದವರ ಹೆಸರು ತಿಳಿಸಿ ಎಂದು ಮೇಲಿನಿಂದ ಪತ್ರ ಬಂತಂತೆ.

ಆದ್ದರಿಂದ ಗುರುವಾರ ಬೆಳಿಗ್ಗೆ ಅವರು ಕನ್ನಡಕ ಒರೆಸಿಕೊಂಡು ಕೂತರು. ಪ್ರನಾಳಗಳನ್ನು ಎರಡು ಸಲ ಎಣಿಸಿದರು. ಆಯಸ್ಕಾಂತಗಳು ಅಂಟುತ್ತವೆಯೇ ಎಂದು ಕುರ್ಚಿಗೆ ಹಿಡಿದು ನೋಡಿದರು. ‘ಅಸ್ಥಿಪಂಜರ – ಒಂದು’ ಎಂಬಲ್ಲಿ, “ಒಂದು ಅಂದ್ರೆ ಪೂರ್ತಿ ಒಂದು ತಾನೇ?” ಎಂದು ಕೇಳಿ ಎಡಗೈ ಬೆರಳುಗಳನ್ನು ಎಣಿಸಿದರು. ಮೂರನೇ ಪೀರಿಯಡ್ಡಿಗೆ ನಲವತ್ತೇಳನೇ ಸಾಲು ಬಂತು. ‘ಅಮೀಬಾ – ಒಂದು.’

ಮೇಡಂ ಡಬ್ಬದಿಂದ ಬೆರಳುದ್ದದ ಗಾಜಿನ ಪಟ್ಟಿಯೊಂದನ್ನು ತೆಗೆದು ಕೊಟ್ಟರು. ಮೇಷ್ಟ್ರು ಅದನ್ನು ಕಿಟಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಕನ್ನಡಕ ತೆಗೆದು ಹಿಡಿದರು.

“ಎಲ್ಲೈತ್ರಿ ಮೇಡಂ?”

“ಅದರೊಳಗೇ ಇದೆ ಸಾರ್. ಕಣ್ಣಿಗೆ ಕಾಣಲ್ಲ. ಮೈಕ್ರೋಸ್ಕೋಪಿಕ್ ಅಲ್ವಾ?”

“ನೀವು ನೋಡೀರಾ?”

“ನಾನು ಬಂದಾಗ ಹಿಂದಿನೋರು ಇದೆ ಅಂದ್ರು, ತಗೊಂಡೆ.”

ಮೇಷ್ಟ್ರು ಗಾಜನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ಹಾಕಿದರು. “ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ಅಲ್ಲಿ ಅಷ್ಟು ದೊಡ್ಡ ಗುಂಡೇ ಕಳೆದೋಗಿತ್ತು. ಇದು ಇಷ್ಟು ಸಣ್ಣದು.”

ವಿಷಯ ಹೆಡ್‌ಮಾಸ್ಟರ ಕೋಣೆಗೆ ಹೋಯಿತು. ಅರ್ಥ ಹೇಳಲು ನನ್ನನ್ನೂ ಕರೆಸಿದರು. ಕಾಣದಿದ್ದರೂ ಇರುವಂಥ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಈ ಪದವಿದೆ ಎಂದು ನಾನು ಹೇಳಿದೆ. ಇಲ್ಲದ ವಸ್ತುಗಳಿಗೆ ಯಾವ ಪದವಿದೆ ಎಂದು ಗಣಿತದ ಮೇಷ್ಟ್ರು ಕೇಳಿದರು. ಎರಡೂ ನೋಡಲು ಒಂದೇ ಥರ ಇರುತ್ತವೆ ಎಂದು ಒಪ್ಪಿಕೊಳ್ಳಬೇಕಾಯಿತು.

ಮೈಕ್ರೋಸ್ಕೋಪನ್ನು ಹೊರತೆಗೆದು ನೋಡಿದರೆ ಎರಡು ನಿಮಿಷದ ಕೆಲಸ ಎಂದರು ಮೇಡಂ. ಹೆಡ್‌ಮಾಸ್ಟರು ಬೀರುವಿನ ಕಡೆ ನೋಡಿ, ಕೀ ಇರುವ ಜೇಬನ್ನು ಮುಟ್ಟಿಕೊಂಡರು.

“ಅದನ್ನ ಈಗ ತೆಗೆಯೋದು ಬ್ಯಾಡ್ರಿ. ಏನಾದ್ರೂ ಆದ್ರೆ ಅಮೀಬಾದ ಜೊತೆ ಅದಕ್ಕೂ ಉತ್ತರ ಬರೀಬೇಕು. ಒಂದು ಕೆಲಸ ಮಾಡಾಣ. ಅಮೀಬಾ ಇದೆ ಅಂತ ನಾನೇ ಬರ್ಕೊಡ್ತೀನಿ, ನೀವು ಸಹಿ ಹಾಕ್ರಿ.”

“ಸಾರ್” ಎಂದರು ಗಣಿತದ ಮೇಷ್ಟ್ರು, ಬಹಳ ಮೆಲ್ಲಗೆ. “ನೀವು ಪಾಯಸಕ್ಕೂ ಬರ್ಕೊಟ್ರಿ.”

ಬೀಳ್ಕೊಟ್ಟ ಮೇಲೆ

ಬೀಳ್ಕೊಡುಗೆ ಸಮಾರಂಭ ಶುಕ್ರವಾರಕ್ಕೆ ಗೊತ್ತಾಗಿತ್ತು. ಶಾಲಾ ಸಮಿತಿಯ ಅಧ್ಯಕ್ಷರಿಗೆ ಅಂದು ಬಿಡುವಿತ್ತು. ಚಾರ್ಜ್ ಮುಗಿದಿಲ್ಲವೆಂದು ಸಮಾರಂಭ ಮುಂದೂಡಬಹುದಿತ್ತು. ಆದರೆ ಹಾರ ಬಂದಾಗಿತ್ತು, ಹಾರ ಸೋಮವಾರದವರೆಗೆ ಇರುವುದಿಲ್ಲ.

ಅಧ್ಯಕ್ಷರು ಯಾವ ಸಭೆಯಲ್ಲೂ ‘ಎರಡೇ ಮಾತು’ ಎಂದು ಹೇಳಿ ಒಂದು ಗಂಟೆ ಮಾತಾಡುತ್ತಾರೆ. ಮಕ್ಕಳು ಅದಕ್ಕೆ ತಯಾರಾಗಿ ನೀರಿನ ಬಾಟಲಿ ತಂದಿರುತ್ತಾರೆ. ಅಂದು ಅಧ್ಯಕ್ಷರು ಮೈಕು ಹಿಡಿದು, “ಟೈಮ್ ಆಗೈತೆ. ನಂದು ಏನಿದ್ರೂ ಮೈಕ್ರೋಸ್ಕೋಪಿಕ್ ಭಾಷಣ” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅದರಿಂದ ಉತ್ಸಾಹ ಹೆಚ್ಚಿ ಅಧ್ಯಕ್ಷರು ಒಂದೂವರೆ ಗಂಟೆ ಮಾತಾಡಿದರು. ಅದರಲ್ಲಿ ಮೇಡಂ ಅವರ ಬಗ್ಗೆ ಇದ್ದ ಭಾಗಕ್ಕೆ ಮಾತ್ರ ಆ ಪದ ಒಪ್ಪುತ್ತಿತ್ತು.

ಹೆಡ್‌ಮಾಸ್ಟರು ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಹುಡುಗಿಯರು ಅತ್ತರು. ಮೇಡಂ ಕೂಡ ಕಣ್ಣೊರೆಸಿಕೊಂಡರು. ಅವರು ಅಳುತ್ತಿದ್ದುದು ಅಮೀಬಾದ ಚಿಂತೆಯಿಂದ ಎಂದು ಸ್ಟಾಫಿಗೆ ಗೊತ್ತಿತ್ತು, ಮಕ್ಕಳಿಗೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಮೇಡಂ ಎಂದಿನಂತೆ ಪ್ರಾರ್ಥನೆಗೆ ಬಂದು ನಿಂತರು. ಹಿಂದಿನ ದಿನ ಜೋರಾಗಿ ಅತ್ತಿದ್ದ ಹುಡುಗಿಯರು ಮುಖ ಮುಖ ನೋಡಿಕೊಂಡರು. ಒಬ್ಬಳು ಮೆಲ್ಲಗೆ, “ಮಿಸ್, ಇವತ್ತೂ ಅಳ್ಬೇಕಾ?” ಎಂದು ಕೇಳಿದಳು.

ಪ್ರಾರ್ಥನೆ ಮುಗಿದ ಮೇಲೆ ಮೇಡಂ ಹೆಡ್‌ಮಾಸ್ಟರ ಕೋಣೆಗೆ ಹೋದರು. ಗಣಿತದ ಮೇಷ್ಟ್ರೂ ನಾನೂ ಅಲ್ಲೇ ಇದ್ದೆವು. ಮೇಡಂ ಜಗಳವಾಡಲಿಲ್ಲ, ಮಗಳ ವಿಷಯ ಎತ್ತಲಿಲ್ಲ. ಮಡಿಚಿದ ಶಾಲನ್ನು ಮೇಜಿನ ಮೇಲಿಟ್ಟರು.

“ಸಾರ್, ಇವತ್ತು ಆಗಲಿಲ್ಲ ಅಂದ್ರೆ ನಾನು ಇಲ್ಲೇ ಇರ್ತೀನಿ. ಮತ್ತೆ ಯಾವತ್ತಾದ್ರೂ ಆರ್ಡರ್ ಬರುತ್ತೆ. ಆವಾಗ ಈ ಶಾಲನ್ನೇ ಹೊದಿಸಿ, ನನ್ನ ಅಭ್ಯಂತರ ಇಲ್ಲ. ಆದ್ರೆ ಸಮಾರಂಭ ಮತ್ತೆ ಮಾಡಬೇಕಾಗುತ್ತೆ. ಅಧ್ಯಕ್ಷರನ್ನ ಮತ್ತೆ ಕರೀಬೇಕಾಗುತ್ತೆ. ಅವರು ಮತ್ತೆ ಮಾತಾಡ್ತಾರೆ.”

ಹೆಡ್‌ಮಾಸ್ಟರು ಜೇಬಿನಿಂದ ಕೀ ತೆಗೆದರು.

ಕಿಟಕಿಯ ಬಳಿ

ಬೀರು ತೆರೆಯುವ ಮೊದಲು ಹೆಡ್‌ಮಾಸ್ಟರು ಚಪ್ಪಲಿ ಬಿಟ್ಟರು. ನಾವೂ ಬಿಟ್ಟೆವು. ಮೈಕ್ರೋಸ್ಕೋಪು ಹೊರಗೆ ಬಂತು. ಕುತ್ತಿಗೆಯಲ್ಲಿ ಹಿಂದಿನ ವರ್ಷದ ಚೆಂಡುಹೂವಿನ ಹಾರ ಒಣಗಿ ದಾರವಾಗಿತ್ತು. ಪೀಠದ ಮೇಲೆ ಕರ್ಪೂರದ ಕಪ್ಪು. ಮೇಲಿನಿಂದ ಕೆಳಗಿನವರೆಗೆ ವಿಭೂತಿ ಪಟ್ಟೆ. ಅದರ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ವರ್ಷಕ್ಕೊಂದು ಪದರದಂತೆ ಕೂತಿತ್ತು. ಕಣ್ಣಿಡುವ ಜಾಗದಲ್ಲಿ ದೊಡ್ಡ ಬೊಟ್ಟು.

“ಒರೆಸ್ತೀನಿ ಸಾರ್” ಎಂದರು ಮೇಡಂ.

“ಪೂಜೆ ಮಾಡಿದ್ದನ್ನ ಪೂರ್ತಿ ಒರೆಸ್ಬ್ಯಾಡ್ರಿ. ನೋಡಾಕೆ ಎಷ್ಟು ಬೇಕೋ ಅಷ್ಟು.”

ಮೇಡಂ ಸೆರಗಿನ ಅಂಚಿನಿಂದ ಬೊಟ್ಟನ್ನಷ್ಟೇ ತೆಗೆದು, ಕಿಟಕಿಯ ಬಳಿಯ ಮೇಜಿನ ಮೇಲೆ ಇಟ್ಟು, ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಗಾಜಿನ ಪಟ್ಟಿಯನ್ನು ಸಿಕ್ಕಿಸಿದರು. ತಿರುಪು ತಿರುಗಿಸಿದಾಗ ವರ್ಷಗಳ ಕುಂಕುಮ ಸಣ್ಣಗೆ ಉದುರಿತು. ಹಿಂದೆ ಸರಿದು ಗಣಿತದ ಮೇಷ್ಟ್ರಿಗೆ ಜಾಗ ಕೊಟ್ಟರು.

“ಏನು ಕಾಣುತ್ತೆ ಸಾರ್?”

“ನನ್ನ ಕಣ್ಣಿನ ರೆಪ್ಪೆ.”

“ಇನ್ನೊಂಚೂರು ಮೇಲಿಂದ ನೋಡಿ.”

“ಕತ್ತಲೆ... ಈಗ ಬೆಳಕು... ತಡೀರಿ, ತಡೀರಿ. ಬಂತು! ಐತ್ರಿ ಮೇಡಂ!” ಎಂದು ಮೇಷ್ಟ್ರು ಕೂಗಿದರು. ನಮ್ಮ ಶಾಲೆಗೆ ಬಂದ ಮೇಲೆ ಅವರು ಅಷ್ಟು ಸಂತೋಷಪಟ್ಟಿದ್ದನ್ನು ನಾನು ನೋಡಿಲ್ಲ. ಮೇಡಂ ಎರಡೂ ಕೈ ಜೋಡಿಸಿದರು. ಹೆಡ್‌ಮಾಸ್ಟರು ಪುಸ್ತಕ ಬಿಚ್ಚಿದರು.

“ಸರಿ ಹಂಗಾದ್ರೆ. ಅಮೀಬಾ ಒಂದು.”

“ಅಲ್ಲ ಸಾರ್” ಎಂದರು ಮೇಷ್ಟ್ರು, ಕಣ್ಣು ತೆಗೆಯದೆ. “ಎರಡು.”

ಹೆಡ್‌ಮಾಸ್ಟರು ನೋಡಿದರು, ಎರಡಿದ್ದವು. ನಾನು ನೋಡಿದೆ, ಎರಡಿದ್ದವು. ಒಂದು ತೆಳುಗುಲಾಬಿ ಬಣ್ಣದ್ದು, ನೆಲದ ಮೇಲೆ ಚೆಲ್ಲಿದ ಸಾರಿನಂತೆ ಅಂಚು ಹರಡಿಕೊಂಡು ಮಲಗಿತ್ತು. ಇನ್ನೊಂದು ಕಡುಗೆಂಪು, ದಪ್ಪಗೆ, ಆರೋಗ್ಯವಾಗಿತ್ತು. ಮೇಡಂ ಕೊನೆಯಲ್ಲಿ ನೋಡಿ ನಿಟ್ಟುಸಿರುಬಿಟ್ಟರು.

“ಗುಲಾಬೀದು ಅಮೀಬಾ. ಕೆಂಪಂದು ಕುಂಕುಮ. ಈಗ ಮೇಲಿಂದ ಉದುರಿದೆ. ಒರೆಸಿಬಿಡ್ತೀನಿ.”

“ನಿಲ್ರಿ ಮೇಡಂ!” ಮೇಷ್ಟ್ರು ಕೈ ಅಡ್ಡ ಇಟ್ಟರು. “ಒರೆಸಿದ ಮೇಲೆ ಯಾವುದೂ ಇಲ್ದಿದ್ರೆ?”

“ಅಮೀಬಾ ಗಾಜಿನ ಒಳಗಿದೆ ಸಾರ್, ಅದು ಹೋಗಲ್ಲ.”

“ಗುಂಡೂ ರೂಮಿನ ಒಳಗೇ ಐತೆ ಅಂತ ನನಗೆ ಹೇಳಿದ್ರು.”

ಹೆಡ್‌ಮಾಸ್ಟರಿಗೆ ಬೇರೆ ಚಿಂತೆ ಹತ್ತಿತು. “ಎಲ್ಲೂ ಕುಂಕುಮ ಅಂತ ಬರೀಬ್ಯಾಡ್ರಪ್ಪ. ಉಪಕರಣದ ಮೇಲೆ ಯಾರು ಹಾಕಿದ್ದು ಅಂತ ಕೇಳ್ತಾರೆ.”

“ಯಾರು ಹಾಕಿದ್ದು ಸಾರ್?” ಎಂದು ನಾನು ಕೇಳಿದೆ.

“ನಾನೇ.”

ಈ ಎಳೆದಾಟದಲ್ಲೇ ಹೊತ್ತು ಹೋಗಿ, ಹನ್ನೊಂದೂವರೆಯ ಗಂಟೆ ಹೊಡೆದು ಮಕ್ಕಳು ಮನೆಗೆ ಹೊರಟರು. ಅಪ್ಪನ ಬಸ್ಸಿಗೆ ಕಾಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಸೋಮವಾರದ ಪ್ರಶ್ನೆ ಅವಳದ್ದೇ ಆದ್ದರಿಂದ ನಾನು ಒಳಗೆ ಕರೆದೆ. ಅವಳು ಮುಟ್ಟದೆ ಬಗ್ಗಿ ಬಹಳ ಹೊತ್ತು ನೋಡಿದಳು.

“ಐತೆ ಸಾ!”

“ಏನೈತಮ್ಮ?” ಎಂದರು ಹೆಡ್‌ಮಾಸ್ಟರು.

“ಒಂದು ಅಮೀಬಾ, ಒಂದು ಕುಂಕುಮ.”

ಗಣಿತದ ಮೇಷ್ಟ್ರು ಅವಳ ಕಡೆ ತಿರುಗಿದರು. “ನೀನು ಸಹಿ ಹಾಕ್ತೀಯೇನಮ್ಮ?”

“ಇಲ್ಲ ಸಾ.”

“ಹಂಗಾರೆ ಸುಮ್ನಿರು.”

ನಂತರ ಅವರು ತಮ್ಮ ನಿಲುವು ತಿಳಿಸಿದರು. ಅವರು ಹಟಮಾರಿಯಲ್ಲ. ಕಂಡದ್ದಕ್ಕೆ ಸಹಿ ಹಾಕುತ್ತಾರೆ. ಅವರು ಎರಡು ಕಂಡಿದ್ದಾರೆ. ಪುಸ್ತಕದಲ್ಲಿ ಒಂದಿದೆ.

“ಹೆಚ್ಚಿಗೆ ಇದ್ರೆ ಒಳ್ಳೇದೇ ಅಲ್ವೇನ್ರಿ?” ಎಂದೆ.

“ಕಡಿಮೆ ಬಂದ್ರೆ ಹುಡುಕು ಅಂತಾರೆ, ಹುಡುಕಬಹುದು. ಹೆಚ್ಚಿಗೆ ಬಂದ್ರೆ ಎಲ್ಲಿಂದ ಬಂತು ಅಂತಾರೆ. ಅದಕ್ಕೆ ಏನು ಬರೀಲಿ? ನೀವೇ ಹೇಳ್ರಿ ಸಾರ್, ಇನ್ನೊಂದು ಅಮೀಬಾ ಎಲ್ಲಿಂದ ಬಂತು?”

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮೇಡಂ ಗೋಡೆ ಗಡಿಯಾರ ನೋಡಿದರು, ಪುಸ್ತಕ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು, ನಲವತ್ತೇಳನೇ ಸಾಲಿನ ಕೊನೆಯಲ್ಲಿ ‘ಷರಾ’ ಎಂಬ ಜಾಗದಲ್ಲಿ, ಹತ್ತಾರು ಸಲ ಬೋರ್ಡಿನ ಮೇಲೆ ಬರೆದು ರೂಢಿಯಾದ ದುಂಡು ಅಕ್ಷರದಲ್ಲಿ ಹೀಗೆ ಬರೆದರು: ‘ಅಮೀಬಾವು ದ್ವಿವಿದಳನದ ಮೂಲಕ ಒಂದು ಎರಡಾಗಿ ಸಂತಾನೋತ್ಪತ್ತಿ ನಡೆಸುತ್ತದೆ. ಪಠ್ಯಪುಸ್ತಕ ನೋಡಿ.’

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಅಮೀಬಾ ಬಣ್ಣ ಹಾಕಿಸಿಕೊಂಡು, ಎರಡು ಗಾಜಿನ ನಡುವೆ ಅಂಟಿನಲ್ಲಿ ಕೂತು ಎಷ್ಟೋ ವರ್ಷವಾಗಿದೆ, ಅದು ಇನ್ನು ಯಾವುದನ್ನೂ ನಡೆಸುವ ಸ್ಥಿತಿಯಲ್ಲಿಲ್ಲ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ.

ಮೇಷ್ಟ್ರು ಎರಡು ಸಲ ಓದಿದರು. ಪಠ್ಯಪುಸ್ತಕ ತರಿಸಿ ಚಿತ್ರದೊಂದಿಗೆ ಹೋಲಿಸಿದರು. ಮುಖ ತಿಳಿಯಾಯಿತು. ಪೆನ್ನಿನ ಮುಚ್ಚಳ ತೆಗೆದರು. ಕಾಗದಕ್ಕೆ ತಾಗಿಸುವ ಮೊದಲು ನಿಲ್ಲಿಸಿದರು.

“ಮೇಡಂ, ವರ್ಷಕ್ಕೆ ಒಂದ್ಸಲ ಅಂತ ಹಿಡಿದ್ರೂ, ಮುಂದಿನ ವರ್ಷ ನಾಲ್ಕಾಗ್ತಾವೆ. ಆಮೇಲೆ ಎಂಟು. ನನಗಿನ್ನೂ ಹನ್ನೆರಡು ವರ್ಷ ಸರ್ವೀಸ್ ಐತೆ.” ತುಟಿ ಅಲುಗಾಡಿಸಿ ಲೆಕ್ಕ ಹಾಕಿದರು. “ರಿಟೈರ್ ಆಗೋ ಹೊತ್ತಿಗೆ ಎಂಟು ಸಾವಿರದ ನೂರಾ ತೊಂಬತ್ತೆರಡು. ಅಷ್ಟನ್ನ ಎಣಿಸಿ ನಾನು ಯಾರಿಗೆ ಒಪ್ಪಿಸ್ಲಿ?”

“ಬೀರುವಿನಲ್ಲಿ ಬೀಗ ಹಾಕಿಟ್ರೆ ಹೆಚ್ಚಾಗಲ್ಲ ಸಾರ್” ಎಂದರು ಮೇಡಂ.

“ಅದಕ್ಕೇನು ಕೊರತೆ ಇಲ್ಲ ಬಿಡ್ರಿ” ಎಂದರು ಹೆಡ್‌ಮಾಸ್ಟರು.

ಗಣಿತದ ಮೇಷ್ಟ್ರು ಸಹಿ ಹಾಕಿದರು. ಹೆಡ್‌ಮಾಸ್ಟರು ಅದರ ಕೆಳಗೆ ಸಹಿ ಹಾಕಿ ಮೊಹರು ಒತ್ತಿ, ಬಿಡುಗಡೆ ಪತ್ರ ಕೊಟ್ಟರು.

ನಲವತ್ತೇಳನೇ ಸಾಲಿನಲ್ಲಿ ಈಗ ‘ಅಮೀಬಾ – ಎರಡು, ಸುಸ್ಥಿತಿಯಲ್ಲಿವೆ’ ಎಂದಿದೆ. ಮೇಡಂ ಹನ್ನೆರಡೂ ಹತ್ತರ ಬಸ್ಸು ಹತ್ತಿದರು. ಸೀಟು ಸಿಕ್ಕಿತು.